ಬೀಗರ ಅಂಗಳದಲ್ಲಿ ಸುರಿದ ಎಣ್ಣೆಯ ಬಗ್ಗೆ

ಮಾನ್ಯ ಎಂಜಿನ್ ಮಹಾಶಯರೇ,

ಇರ್ಬಿದ್ ಪಟ್ಟಣದ ನಿವೃತ್ತ ಭೂಗೋಳದ ಮೇಷ್ಟ್ರು ನಾಯೆಫ್ ತಮಗೆ ಸಲ್ಲಿಸುವ ಸಲಾಮುಗಳು. ಇಪ್ಪತ್ತೆರಡು ವರ್ಷಗಳಿಂದ ನನ್ನ ಕಾರಿನ ಬಾನೆಟ್ಟಿನಡಿ ಬಾಡಿಗೆಯಿಲ್ಲದೆ ವಾಸವಾಗಿರುವ ತಾವು, ನಿಂತಲ್ಲೆಲ್ಲ ಒಂದು ತೊಟ್ಟು ಎಣ್ಣೆಯನ್ನು ನೆನಪಿಗೆಂದು ಬಿಟ್ಟು ಬರುವ ಉದಾರಿಗಳೆಂಬುದನ್ನು ಇಡೀ ಓಣಿ ಬಲ್ಲದು.

ಆದರೆ ಆ ಶುಕ್ರವಾರದ ವಿಷಯ ಬೇರೆ. ಅಂದು ಸಂಜೆಯ ನಮಾಜಿಗೆ ಮುಂಚೆ ಹಿರಿಯರಿಬ್ಬರನ್ನು ಕೂರಿಸಿಕೊಂಡು, ನನ್ನ ಮಗ ಸುಹೈಬನಿಗೆ ಹೆಣ್ಣು ಕೇಳಲು ಬೆಟ್ಟದ ಮೇಲಿನ ಅಜ್ಲೂನ್ ಊರಿನಲ್ಲಿ ಇರಬೇಕಿತ್ತು. ಹುಡುಗಿಯ ತಂದೆ ಅಬು ರಾಕಾನ್ ಸೈನ್ಯದ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯಾಗಿದ್ದವರು. ಸವೆದ ಟೈರಿನ ಗಾಡಿಯಲ್ಲಿ ಬಂದ ಹಿಂದಿನ ವರನನ್ನು ಬಾಗಿಲಲ್ಲೇ ವಾಪಸು ಕಳಿಸಿದ್ದರಂತೆ. ಸುಹೈಬನಿಗೋ ಆ ಹುಡುಗಿಯನ್ನು ಬಿಟ್ಟು ಬೇರೆ ಯಾರೂ ಬೇಡ. ಇಷ್ಟೆಲ್ಲ ಗೊತ್ತಿದ್ದೂ, ಅಂಗಡಿಗಳು ಮುಚ್ಚಿದ ಆ ಬೆಳಿಗ್ಗೆಯೇ ತಾವು ತೊಟ್ಟಿನಿಂದ ಧಾರೆಗೆ ಬಡ್ತಿ ಪಡೆದಿರಿ.

ಸುಹೈಬ್ ತಮ್ಮ ಮೈಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಗೋಧಿ ಹಿಟ್ಟು ಉದುರಿಸಿ ಹತ್ತು ನಿಮಿಷ ಓಡಿಸಿದ. ನನ್ನ ಮಡದಿ ಡಬ್ಬಿಯ ತಳ ನೋಡಿ, “ನಮಗೆ ರೊಟ್ಟಿ ಇಲ್ದಿದ್ರೂ ಪರವಾಗಿಲ್ಲ, ಇದು ಮಾತ್ರ ಹೊಟ್ಟೆ ತುಂಬಾ ತಿನ್ಲಿ,” ಎಂದಳು. ಬಿಳಿ ಹಿಟ್ಟಿನ ಮೇಲೆ ಕಪ್ಪು ಗೆರೆಯೊಂದು ಮೂಡಿ, ಮೇಲಿನ ಮುಚ್ಚಳದ ಹಿಂದಿನ ಮೂಲೆಯಲ್ಲಿ ಎಣ್ಣೆ ತಡೆಯುವ ಗ್ಯಾಸ್ಕೆಟ್ ಸವೆದಿರುವುದನ್ನು ತೋರಿಸಿತು. ನದಿಗಳ ಉಗಮವನ್ನೇ ಕಲಿಸಿ ಮುದುಕನಾದ ನನಗೂ ಇಷ್ಟು ಸ್ಪಷ್ಟವಾದ ನಕ್ಷೆ ಸಿಕ್ಕಿರಲಿಲ್ಲ.

ಮಾಳಿಗೆಯ ನೀರಿನ ತೊಟ್ಟಿಗೆ ಬಳಿದು ಉಳಿದಿದ್ದ ಸಿಲಿಕಾನ್ ಅಂಟನ್ನು ಅಲ್ಲಿಗೆ ಮೆತ್ತಿದ ಮಗ, ಇದು ನಾಳೆಯವರೆಗೆ ಒಣಗಬೇಕು, ಪಕ್ಕದ ಮನೆಯವರ ಕಾರು ಕೇಳೋಣ ಎಂದ. ಎರವಲು ಕಾರಿನಲ್ಲಿ ಹೆಣ್ಣು ಕೇಳಲು ಹೋಗುವ ವಂಶ ನಮ್ಮದಲ್ಲ ಎಂದು ನಾನು ಗದರಿದೆ. ತಾವೂ ನಮ್ಮ ವಂಶದ ಮರ್ಯಾದೆ ಕಾಪಾಡಿದಿರಿ: ಏರುದಾರಿಯುದ್ದಕ್ಕೂ ಒಂದು ತೊಟ್ಟೂ ಚೆಲ್ಲದೆ, ಆಗಷ್ಟೇ ತೊಳೆದಿದ್ದ ಅವರ ಬಿಳಿಕಲ್ಲಿನ ಅಂಗಳವನ್ನೇ ಆರಿಸಿಕೊಂಡು ಎಲ್ಲವನ್ನೂ ಸುರಿದಿರಿ.

ಒಳಗೆ ಕಾಫಿ ಬಂತು. ನಮ್ಮ ಕಡೆಯ ಪದ್ಧತಿಯಂತೆ, ಹುಡುಗಿಯ ತಂದೆ ಒಪ್ಪುವ ತನಕ ನಾವು ಬಟ್ಟಲಿಗೆ ಬಾಯಿ ಹಚ್ಚುವಂತಿಲ್ಲ. ಅವರು ಒಪ್ಪಲೂ ಇಲ್ಲ, ಒಲ್ಲೆ ಎನ್ನಲೂ ಇಲ್ಲ. ಮೂಗರಳಿಸಿ, ಎದ್ದು, ಅಂಗಳಕ್ಕೆ ಹೋಗಿ ಬಾನೆಟ್ ಎತ್ತಿದರು. ನಾವೆಲ್ಲ ಹಿಂದೆಯೇ ಹೋದೆವು.

“ಹಿಟ್ಟು ಹಾಕಿ ಜಾಗ ಹುಡುಕಿದ್ದು ಸರಿಯಾಗಿದೆ. ಅಂಟು ಒಣಗೋ ಮುಂಚೆ ಗಾಡಿ ತೆಗೆದೋರು ಯಾರು?”

ಸುಹೈಬ್ ತಲೆ ತಗ್ಗಿಸಿ, “ನಾನೇ, ಯಜಮಾನ್ರೇ,” ಎಂದ.

ನನ್ನ ಒಣಜಂಬ ಮುಚ್ಚಿಡಲು ಅವನು ಆ ಹುಡುಗಿಯನ್ನೇ ಕಳೆದುಕೊಳ್ಳಲು ತಯಾರಾಗಿದ್ದ. ನಾನು ಅವನ ಮುಂದೆ ಬಂದು ನಿಂತು, “ಹಿಟ್ಟು ಅವನದು, ಅವಸರ ನಂದು,” ಎಂದೆ.

ಅಬು ರಾಕಾನ್ ನಮ್ಮಿಬ್ಬರನ್ನೂ ನೋಡಿ, ಕೈ ಒರೆಸಿಕೊಂಡು, “ಒಳಗೆ ಬನ್ನಿ, ಕಾಫಿ ಕುಡೀರಿ. ಗಾಡಿ ಮಾತ್ರ ನಾಳೆವರೆಗೂ ಇಲ್ಲೇ ಇರ್ಲಿ,” ಎಂದರು.

ಆದ್ದರಿಂದ ಇನ್ನು ಮುಂದೆ ಸೋರುವ ಮನಸ್ಸಾದರೆ ಒಂದು ವಾರ ಮುಂಚಿತವಾಗಿ, ಅಂಗಡಿ ತೆರೆದಿರುವ ದಿನ ನೋಡಿ, ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಇನ್ನೂ ತಮ್ಮನ್ನು ನಂಬಿಯೇ ಕೀಲಿ ತಿರುಗಿಸುವ,
ನಾಯೆಫ್

ತಾ.ಕ.: ಹೊಸ ಗ್ಯಾಸ್ಕೆಟನ್ನು ಬೀಗರೇ ಹಾಕಿಕೊಟ್ಟಿದ್ದಾರೆ. ಆದರೂ ಸುಹೈಬ್ ಸೋರಿಕೆ ತೋರಿಸಿ ಬರುತ್ತೇನೆಂದು ಪ್ರತಿ ಶುಕ್ರವಾರ ಅಜ್ಲೂನಿಗೆ ಹೋಗುತ್ತಾನೆ. ತಾವೋ ಒಂದು ತೊಟ್ಟೂ ಬಿಡುತ್ತಿಲ್ಲ. ಇಪ್ಪತ್ತೆರಡು ವರ್ಷ ಕೇಳದೆ ಕೊಟ್ಟಿದ್ದನ್ನು ಮದುವೆಯ ತನಕ ಕೇಳಿದಾಗ ಕೊಟ್ಟರೆ, ಹುಡುಗನ ಮಾನ ಉಳಿದೀತು.