ಒಂಟಿ ಕಾಲುಚೀಲದ ಯೋಜನೆ

ಎಲ್ಲ ಅನಾಹುತಕ್ಕೂ ಕಾರಣ ಒಂದು ಹೆಬ್ಬೆರಳು. ಬಲಗೈ ಬಸ್ಸಿನ ಕಂಬಿ ಹಿಡಿದಿತ್ತು, ಎಡಗೈಯಲ್ಲಿ ಫೋನಿತ್ತು, ಬೆನ್ನಿಗೆ ಯಾರದೋ ಊಟದ ಡಬ್ಬಿ ಒತ್ತುತ್ತಿತ್ತು. ಅಂಥ ಹೊತ್ತಿನಲ್ಲಿ ಮ್ಯಾನೇಜರನ ಹೆಬ್ಬೆರಳು ಮೇಲಿನ ಫೈಲನ್ನು ಒತ್ತುವ ಬದಲು ಕೆಳಗಿನದನ್ನು ಒತ್ತಿತು. ಬಸ್ಸು ಬ್ರೇಕ್ ಹಾಕಿತು. ಫೈಲು ಹೋಯಿತು.

ಅವನು ಪ್ರಾಡಕ್ಟ್ ಮ್ಯಾನೇಜರ್. ಲಾಂಡ್ರಿಗೆ ಬಟ್ಟೆ ಕೊಟ್ಟವರಿಗೆ ‘ನಿಮ್ಮ ಬಟ್ಟೆ ಸಿದ್ಧವಾಗಿದೆ’ ಎಂದು ಫೋನಿಗೆ ಸುದ್ದಿ ಮುಟ್ಟಿಸುವ ಆ್ಯಪ್ ನಡೆಸುವ ಪುಟ್ಟ ಕಂಪನಿ. ಅಲ್ಲಿ ಸೇರಿ ಆರು ತಿಂಗಳು. ಆ್ಯಪ್‌ನಲ್ಲಿ ಮುಂದೆ ಏನಿರಬೇಕು, ಏನು ಬೇಡ ಎಂದು ಹೇಳುವುದು ಅವನ ಕೆಲಸ. ಕೇಳುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಹೆಸರಿಗೆ ಮ್ಯಾನೇಜರ್, ಕೈಕೆಳಗೆ ಒಂದು ನರಪಿಳ್ಳೆಯೂ ಇಲ್ಲ. ಕುರ್ಚಿ ಕೂಡ ಅವನ ಮಾತು ಕೇಳುತ್ತಿರಲಿಲ್ಲ. ಎತ್ತರಿಸಿ ಕೂತರೆ ಹತ್ತು ನಿಮಿಷದಲ್ಲಿ ನಿಟ್ಟುಸಿರುಬಿಟ್ಟು ತಾನಾಗಿ ಕೆಳಗಿಳಿಯುತ್ತಿತ್ತು.

ಆ ದಿನ ಸಂಜೆ ನಾಲ್ಕಕ್ಕೆ ಅವನ ಹಣೆಬರಹ ತೀರ್ಮಾನವಾಗಬೇಕಿತ್ತು. ಬೆಳಿಗ್ಗೆ ಒಂಬತ್ತರೊಳಗೆ ಒಂದು ಹೊಸ ಯೋಜನೆ ಬರೆದು ಆಫೀಸಿನವರಿಗೆಲ್ಲ ಕಳಿಸಬೇಕು. ನಾಲ್ಕಕ್ಕೆ ಕಂಪನಿಯ ಒಡತಿ ಮೇಡಂ ಒಳಗೆ ಕರೆದು ಕೆಲಸ ಖಾಯಂ ಎನ್ನುತ್ತಾರೆ, ಇಲ್ಲವೇ ನಮಸ್ಕಾರ ಎನ್ನುತ್ತಾರೆ. ನಮಸ್ಕಾರ ಎಂದರೆ ಭಾವನ ಹಾಸಿಗೆ ಅಂಗಡಿಯೇ ಗತಿ. ಎರಡು ವರ್ಷದಲ್ಲಿ ಇದು ಮೂರನೆಯ ಕೆಲಸ. ನಾಲ್ಕನೆಯದನ್ನು ಹುಡುಕಲು ಅಕ್ಕ ಬಿಡುವುದಿಲ್ಲ ಎಂದು ಮೊದಲೇ ಹೇಳಿಯಾಗಿತ್ತು.

ಯೋಜನೆ ಬರೆಯಲು ಅವನು ಅಂತರ್ಜಾಲದಿಂದ ‘ಪ್ರಾಡಕ್ಟ್ ಮ್ಯಾನೇಜರುಗಳ ಕೈಪೆಟ್ಟಿಗೆ’ ಎಂಬ ಗಂಟೊಂದನ್ನು ಇಳಿಸಿಕೊಂಡಿದ್ದ. ಅದರಲ್ಲಿ ನಲವತ್ತು ನಮೂನೆಗಳಿದ್ದವು. ಗ್ರಾಹಕರನ್ನು ಏನು ಕೇಳಬೇಕು, ಎಂಜಿನಿಯರ್ ಮುನಿಸಿಕೊಂಡರೆ ಏನು ಹೇಳಬೇಕು, ಯೋಜನೆ ಬರೆಯುವುದು ಹೇಗೆ, ಎಲ್ಲಕ್ಕೂ ಒಂದೊಂದು ಖಾಲಿ ನಮೂನೆ, ಪಕ್ಕದಲ್ಲಿ ತುಂಬಿಸಿ ತೋರಿಸಿದ ಒಂದು ಮಾದರಿ. ಮೂರು ವಾರ ಕೂತು ಅವನು ಖಾಲಿ ನಮೂನೆಯನ್ನು ಇಪ್ಪತ್ತೆರಡು ಪುಟಕ್ಕೆ ಬೆಳೆಸಿದ್ದ. ಬಟ್ಟೆ ಸಿದ್ಧವಾದ ಸುದ್ದಿ ನಾಲ್ಕು ಗಂಟೆಗೆ ಹೋಗುವ ಬದಲು ಆರಕ್ಕೆ ಹೋಗಬೇಕು ಎಂಬುದು ಅದರ ಸಾರಾಂಶ.

ಹೆಬ್ಬೆರಳು ಕಳಿಸಿದ್ದು ಪಕ್ಕದ ಮಾದರಿಯನ್ನು. ಅದು ಹೀಗೆ ಶುರುವಾಗುತ್ತಿತ್ತು: ‘ಸಮಸ್ಯೆ: ಪ್ರತಿ ಮನೆಯಲ್ಲೂ ಜೊತೆ ಕಳೆದುಕೊಂಡ ಕಾಲುಚೀಲಗಳಿವೆ. ಪರಿಹಾರ: ಊರಿನ ಒಂಟಿ ಕಾಲುಚೀಲಗಳ ಫೋಟೋ ಸೇರಿಸಿ, ಒಂದರಂತಿರುವ ಇನ್ನೊಂದನ್ನು ಹುಡುಕಿ, ಜೋಡಿ ಕೂಡಿಸುವುದು.’

ಆಫೀಸಿನ ಮೆಟ್ಟಿಲ ಬಳಿ ಇದನ್ನು ಕಂಡು ಅವನು ಹಣೆ ಚಚ್ಚಿಕೊಂಡ. ಮರುಗಳಿಗೆ ಸಮಾಧಾನವೂ ಆಯಿತು. ಆರು ತಿಂಗಳಲ್ಲಿ ತಾನು ಕಳಿಸಿದ ಒಂದು ಫೈಲನ್ನೂ ಯಾರೂ ತೆರೆದಿರಲಿಲ್ಲ. ಇವತ್ತೇ ಓದಲು ಇವರಿಗೇನು ಹುಚ್ಚೇ? ‘ದಯವಿಟ್ಟು ಇದನ್ನು ಓದಿ, ಹಿಂದಿನದನ್ನು ಬಿಡಿ’ ಎಂದು ಬರೆದು ಇಪ್ಪತ್ತೆರಡು ಪುಟವನ್ನೂ ಕಳಿಸಿ ಒಳಗೆ ಹೋದ.

ಒಳಗೆ ಎಲ್ಲರೂ ಎದ್ದು ನಿಂತಿದ್ದರು.

“ಬಂದ್ರು ಬಂದ್ರು! ಏನ್ ಸರ್, ಇಷ್ಟು ದಿನ ಈ ತಲೇನ ಎಲ್ಲಿ ಬಚ್ಚಿಟ್ಕೊಂಡಿದ್ರಿ?” ಎಂದಳು ಡಿಸೈನರ್. ಅವಳ ಪರದೆಯ ಮೇಲೆ ಆಗಲೇ ಒಂದು ನೀಲಿ ಕಾಲುಚೀಲ ಕಣ್ಣೀರಿಡುತ್ತಿತ್ತು. ಪಕ್ಕದಲ್ಲಿ ಅದೇ ಕಾಲುಚೀಲ ಸಂಗಾತಿಯ ಹೆಗಲಿಗೆ ಒರಗಿ ನಗುತ್ತಿತ್ತು. ಕಾಲುಚೀಲಕ್ಕೆ ಹೆಗಲೆಲ್ಲಿ ಎಂದು ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ.

“ಅದಲ್ಲಮ್ಮ, ಎರಡನೇದು ಓದು. ಈಗ ಕಳಿಸಿದೀನಿ.”

“ಇಪ್ಪತ್ತೆರಡು ಪುಟ ಇದೆಯಲ್ಲಾ, ಅದಾ? ಅದನ್ನ ಇನ್ನೊಂದು ದಿನ ಓದ್ತೀನಿ ಸರ್,” ಎಂದಳು, ಮಗುವಿಗೆ ಚಂದಮಾಮನನ್ನು ಕೊಡಿಸುತ್ತೇನೆ ಎನ್ನುವ ದನಿಯಲ್ಲಿ.

ಉಳಿದ ಆಸೆಯೆಲ್ಲ ಎಂಜಿನಿಯರನ ಮೇಲೆ. ಅವನಿಗೆ ಆಫೀಸಿನಲ್ಲಿ ‘ಆಗಲ್ಲಪ್ಪ’ ಎಂದೇ ಹೆಸರು. ಒಂದು ಗುಂಡಿಯ ಬಣ್ಣ ಬದಲಿಸಿ ಎಂದರೂ ಕನ್ನಡಕ ತೆಗೆದು ಒರೆಸಿ “ಆಗಲ್ಲಪ್ಪಾ” ಎನ್ನುವವನು. ಅವನೊಬ್ಬ ಅಡ್ಡ ನಿಂತರೆ ಯೋಜನೆ ಅಲ್ಲಿಗೇ ಸತ್ತಂತೆ. ಆಗಲ್ಲಪ್ಪ ಮಾದರಿಯನ್ನು ಮುದ್ರಿಸಿಕೊಂಡು ಮೂಗಿನ ಬಳಿ ಹಿಡಿದು ಓದುತ್ತಿದ್ದ. ಹಾಳೆ ತಿರುಗಿಸಿ ಹಿಂಬದಿಯನ್ನೂ ಓದಿದ. ಕನ್ನಡಕ ತೆಗೆದ. ಒರೆಸಿದ.

“ಆಗುತ್ತೆ,” ಅಂದ.

ಚಹಾ ಕುಡಿಯುತ್ತಿದ್ದವರ ಲೋಟ ತುಟಿಯ ಬಳಿಯೇ ನಿಂತಿತು. ಮೂಲೆಯಲ್ಲಿ ಯಾರೋ “ಇನ್ನೊಂದ್ಸಲ ಹೇಳಿ” ಅಂದರು.

“ಆಗುತ್ತೆ. ಎರಡೇ ದಿನ ಸಾಕು.”

“ರೀ, ಹೇಗ್ರೀ ಆಗುತ್ತೆ?” ಮ್ಯಾನೇಜರ್ ಗಾಬರಿಯಲ್ಲಿ ಅವನ ತೋಳು ಹಿಡಿದ. “ಸರಿಯಾಗಿ ಯೋಚನೆ ಮಾಡಿ. ನೀವು ಆಗಲ್ಲ ಅಂತೀರ ಅಂತ ನಾನು ನಂಬಿದ್ದೆ!”

“ನಿಮ್ಮ ಯೋಜನೆ ನನಗೆ ಬಹಳ ಹಿಡಿಸ್ತು ಕಣ್ರೀ,” ಎಂದು ಆಗಲ್ಲಪ್ಪ ಅವನ ಕೈ ಕುಲುಕಿದ. “ಎಂಜಿನಿಯರ್ ಕಷ್ಟ ಅರ್ಥ ಮಾಡ್ಕೊಂಡು ಬರೆದಿರೋ ಮೊದಲನೇ ಮ್ಯಾನೇಜರು ನೀವು.”

ಆ ಹೊತ್ತಿಗೆ ಭಾವನ ಫೋನು.

“ಏನಪ್ಪಾ, ಏನಾಯ್ತು? ನಿಮ್ಮಕ್ಕ ಕೇಳು ಅಂದ್ಲು. ನಾನೇನೂ ಅವಸರ ಮಾಡ್ತಿಲ್ಲ. ಆದ್ರೆ ಗಲ್ಲಾ ಪಕ್ಕ ನಿನಗೊಂದು ಸ್ಟೂಲು ಹಾಕಿಸಿದೀನಿ.”

“ನಾಲ್ಕು ಗಂಟೆಗೆ ಭಾವ.”

“ಆಗ್ಲಿ ಆಗ್ಲಿ. ಹತ್ತಿ ಧೂಳಿಗೆ ಸೀನು ಬರುತ್ತಾ ನಿನಗೆ? ಸುಮ್ನೆ ಕೇಳ್ದೆ.”

ಅವನು ಫೋನಿಟ್ಟು ಸೀನಿದ.

ನಿಜ ಹೇಳಿಬಿಡುವುದೇ ಮೇಲು ಎಂದು ತೀರ್ಮಾನಿಸಿ ಎದ್ದ. ಆದರೆ ನಿಜ ಹೇಳಲೂ ಕೇಳುವವರು ಬೇಕಲ್ಲ. “ಅದು ನಾನು ಬರೆದಿದ್ದಲ್ಲ” ಎಂದರೆ ಡಿಸೈನರ್ “ಇಷ್ಟು ವಿನಯ ಒಳ್ಳೇದಲ್ಲ ಸರ್” ಎಂದಳು. “ಎಲ್ಲೋ ಸಿಕ್ಕಿದ್ದು” ಎಂದರೆ ಲೆಕ್ಕಪತ್ರದ ಹಿರಿಯರು “ದೊಡ್ಡ ಯೋಚನೆಗಳೆಲ್ಲ ಹಾಗೇ ಎಲ್ಲೋ ಸಿಗೋದು” ಎಂದು ತಲೆದೂಗಿದರು. ಸತ್ಯ ಹೇಳಿದಷ್ಟೂ ಅವನ ಕೀರ್ತಿ ಬೆಳೆಯಿತು.

ಊಟವಾಗಿ ಕೈ ತೊಳೆಯುವಷ್ಟರಲ್ಲಿ ಮಾತುಮಲ್ಲ ಬಂದ. ಮಾರಾಟ ವಿಭಾಗದವನು; ಇಲ್ಲದ್ದನ್ನೂ ಮಾರಬಲ್ಲವನು. ಹಿಂದೆಯೇ ಒಬ್ಬ ವ್ಯಾನ್ ಡ್ರೈವರು, ಅವನ ಹೆಗಲ ಮೇಲೊಂದು ಮೂಟೆ.

“ಸರ್, ಊರಲ್ಲೇ ದೊಡ್ಡ ಲಾಂಡ್ರಿ ಯಜಮಾನರಿಗೆ ವಿಷಯ ಹೇಳ್ದೆ. ಕಣ್ಣಲ್ಲಿ ನೀರು ಹಾಕ್ಕೊಂಡ್ರು ಸರ್! ಹನ್ನೊಂದು ವರ್ಷದಿಂದ ಗಿರಾಕಿಗಳ ಒಂಟಿ ಕಾಲುಚೀಲ ಉಳ್ಕೊಂಡಿದೆಯಂತೆ. ಎಸೆಯೋಕೆ ಮನಸ್ಸು ಬರಲ್ಲ, ಇಟ್ಕೊಳ್ಳೋಕೆ ಜಾಗ ಇಲ್ಲ. ಕೂಡ್ಲೇ ಕಳಿಸಿಕೊಟ್ರು.”

“ಯಾರ್ರೀ ನಿಮಗೆ ಹೇಳು ಅಂದಿದ್ದು?”

“ಯಾರಾದ್ರೂ ಹೇಳೋವರೆಗೂ ಕಾದ್ರೆ ಅದು ಮಾರಾಟ ಆಗುತ್ತಾ ಸರ್?”

ಡ್ರೈವರು ಮೂಟೆಯನ್ನು ಸಭೆಯ ಮೇಜಿನ ಮೇಲೆ ಧೊಪ್ಪೆಂದು ಹಾಕಿದ. ಬಾಯಿಗೆ ಕಟ್ಟಿದ್ದ ದಾರ ಕಿತ್ತುಬಂತು. ಹನ್ನೊಂದು ವರ್ಷದ ಕಾಲುಚೀಲಗಳು ಮೇಜಿನ ಮೇಲೆ, ಕುರ್ಚಿಯ ಮೇಲೆ, ಲೆಕ್ಕಪತ್ರದ ಹಿರಿಯರ ಮಡಿಲಿನ ಮೇಲೆ ಹರಡಿಕೊಂಡವು. ಒಗೆದವೇ ಆಗಿದ್ದರೂ ಅವುಗಳಿಗೆ ತಮ್ಮ ಹಿಂದಿನ ಜನ್ಮ ಪೂರ್ತಿ ಮರೆತಂತಿರಲಿಲ್ಲ. ಎಲ್ಲರೂ ಒಂದೊಂದು ಕಿಟಕಿ ತೆರೆದು ತಂತಮ್ಮ ಜಾಗಕ್ಕೆ ಹೋದರು. ಮೇಜಿನ ಬಳಿ ಉಳಿದವನು ಮ್ಯಾನೇಜರ್ ಒಬ್ಬನೇ.

ಏನೂ ತೋಚದೆ ಅವನು ಎತ್ತಿಡತೊಡಗಿದ. ಕರಿಯವು ಒಂದು ಕಡೆ, ಬಿಳಿಯವು ಒಂದು ಕಡೆ, ಪಟ್ಟೆಯವು ಒಂದು ಕಡೆ. ನಾಲ್ಕು ಗಂಟೆಯ ಭಯಕ್ಕೆ ಕೈಗೊಂದು ಕೆಲಸ ಸಿಕ್ಕಿದಂತಾಯಿತು. ಅರ್ಧ ಗಂಟೆಯ ಮೇಲೆ, ಹಳದಿ ಚುಕ್ಕೆಯ ಕಂದು ಕಾಲುಚೀಲವೊಂದು ಕೈಗೆ ಬಂತು. ಇದನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ರಾಶಿಯ ಅಡಿಗೆ ಕೈ ಹಾಕಿ ಎಳೆದ. ಅದೇ ಕಂದು, ಅದೇ ಹಳದಿ ಚುಕ್ಕೆ!

“ಸಿಕ್ತು!” ಎಂದು ಕೂಗಿದ್ದು ತಾನೇ ಎಂದು ತಿಳಿಯಲು ಅವನಿಗೆ ಒಂದು ಕ್ಷಣ ಬೇಕಾಯಿತು. ಆಫೀಸೆಲ್ಲ ಚಪ್ಪಾಳೆ ತಟ್ಟಿತು. ನಾಚಿಕೆಗೇಡಿನ ವಿಷಯವೆಂದರೆ, ಅವನಿಗೆ ಖುಷಿಯಾಗಿತ್ತು. ಮೂರೂ ಮುಕ್ಕಾಲಿಗೆ ಮೂರು ಜೋಡಿ ಸಿಕ್ಕಿದ್ದವು. ಗಾಜಿನ ಕೋಣೆಯಿಂದ ಮೇಡಂ ಇದನ್ನೆಲ್ಲ ನೋಡುತ್ತಿದ್ದರು.

ನಾಲ್ಕಕ್ಕೆ ಸರಿಯಾಗಿ ಒಳಗೆ ಕರೆದರು. ಮೇಜಿನ ಮೇಲೆ ಎರಡು ಲಕೋಟೆಗಳಿದ್ದವು.

“ಕೂತ್ಕೊಳ್ಳಿ. ಯೋಜನೆ ಬಗ್ಗೆ ಹೇಳಿ.”

ಅವನು ಕೂರಲಿಲ್ಲ. ಕೂತರೆ ಧೈರ್ಯವೂ ತನ್ನ ಕುರ್ಚಿಯ ಹಾಗೆ ಇಳಿದೀತು ಎಂದು ಹೆದರಿಕೆ.

“ಮೇಡಂ, ಇದು ನನ್ನದಲ್ಲ. ಯಾರೋ ಬರೆದಿಟ್ಟ ಮಾದರಿ. ಬಸ್ಸಲ್ಲಿ ಬೆರಳು ಜಾರಿ ಕಳಿಸಿಬಿಟ್ಟೆ. ನನ್ನದು ಬೇರೆ ಇದೆ, ಇಪ್ಪತ್ತೆರಡು ಪುಟ, ಅದನ್ನ ಯಾರೂ ಓದಿಲ್ಲ. ಬೆಳಿಗ್ಗೆಯಿಂದ ಹೇಳ್ತಾನೇ ಇದೀನಿ, ಯಾರೂ ಕೇಳ್ತಿಲ್ಲ. ಈಗ ನೀವು ಏನ್ ಹೇಳಿದ್ರೂ ಸರಿ.”

ಮೇಡಂ ಎರಡೂ ಲಕೋಟೆಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

“ನಿಮ್ಮದಲ್ಲ ಅಂತ ನನಗೆ ಬೆಳಿಗ್ಗೆ ಒಂಬತ್ತಕ್ಕೇ ಗೊತ್ತಾಯ್ತು.”

“ಹೇಗೆ ಮೇಡಂ?”

“ಬರೆದವಳು ನಾನೇ.”

ಈಗ ಅವನು ಕೂತ.

“ಒಂಬತ್ತು ವರ್ಷದ ಹಿಂದೆ ನನಗೆ ಕೆಲಸ ಹೋಗಿತ್ತು,” ಎಂದರು ಮೇಡಂ. “ಮನೇಲಿ ಕೂತು ಆ ನಲವತ್ತೂ ಬರೆದೆ. ಹೊಸಬರಿಗಾದ್ರೂ ಉಪಯೋಗ ಆಗ್ಲಿ ಅಂತ ಹೆಸರು ಹಾಕದೆ ಬಿಟ್ಟೆ. ಇವತ್ತು ನೋಡಿದ್ರೆ ನನ್ನ ಕಾಗದಾನ ನನಗೇ ತಂದುಕೊಟ್ಟಿದೀರಿ! ನಾಲ್ಕಕ್ಕೆ ಬಂದು ‘ಇದು ನನ್ನ ತಲೆಗೆ ಹೊಳೆದಿದ್ದು ಮೇಡಂ’ ಅಂದಿದ್ರೆ ಈ ಲಕೋಟೆ ಕೊಡ್ತಿದ್ದೆ.” ಎಡಗಡೆಯ ಲಕೋಟೆಯನ್ನು ಎತ್ತಿ, ನಾಲ್ಕು ತುಂಡು ಮಾಡಿ, ಬುಟ್ಟಿಗೆ ಹಾಕಿದರು. “ನಿಜ ಹೇಳಿದ್ರಿ. ನಿಮ್ಮ ಕೆಲಸ ಖಾಯಂ.”

ಹೆಗಲ ಮೇಲೆ ಕೂತಿದ್ದ ಆನೆಯೊಂದು ಇಳಿದು ನಡೆದುಹೋದಂತೆ ಆಯಿತು ಅವನಿಗೆ. ಆರು ತಿಂಗಳಿಂದ ಅರ್ಧಕ್ಕೇ ನಿಲ್ಲುತ್ತಿದ್ದ ಉಸಿರು ಹೊಟ್ಟೆಯ ತಳದವರೆಗೆ ಹೋಗಿ ಬಂತು. ಅಲ್ಲೇ ಕೂತು ಭಾವನಿಗೆ ಒಂದೇ ಪದ ಬರೆದು ಕಳಿಸಿದ: ‘ಖಾಯಂ’. ಕಣ್ಣು ಮಂಜಾಗಿ ಆ ಪದವನ್ನು ಎರಡು ಸಲ ಕಳಿಸಿದ.

“ಹಾಗಾದ್ರೆ ಕಾಲುಚೀಲದ ಕತೆ ಇಲ್ಲಿಗೆ ಮುಗೀತು ಅಲ್ವಾ ಮೇಡಂ? ಮೂಟೆ ವಾಪಸ್ ಕಳಿಸ್ತೀನಿ.”

“ಮುಗಿಯೋದಾ? ಏನ್ರೀ ಹೀಗಂತೀರಾ?” ಮೇಡಂ ಕುರ್ಚಿ ಮುಂದೆ ಎಳೆದುಕೊಂಡರು. “ಅದು ಬರೀ ಮಾದರಿಗೆ ಬರೆದಿದ್ದಲ್ಲ. ಹನ್ನೊಂದು ತಿಂಗಳು ಒಬ್ಬಳೇ ಒದ್ದಾಡಿದೀನಿ. ಒಂದೇ ಒಂದು ಜೋಡಿ ಸಿಕ್ತು. ನೀವು ಒಂದು ಮಧ್ಯಾಹ್ನಕ್ಕೆ ಮೂರು ಹುಡುಕಿದ್ರಿ! ಯೋಜನೇಲಿ ತಪ್ಪಿರ್ಲಿಲ್ಲ, ಮನುಷ್ಯ ಸಿಕ್ಕಿರ್ಲಿಲ್ಲ ಅಷ್ಟೆ. ನಾಳೆಯಿಂದ ಮಾದರೀಲಿ ಇರೋ ಹಾಗೇ ನಡೆಸಿ, ಒಂದಕ್ಷರ ಬದಲಾಯಿಸ್ಬೇಡಿ. ಪೂರ್ತಿ ಓದಿದೀರಿ ತಾನೆ?”

“ಓದಿದೀನಿ ಮೇಡಂ,” ಎಂದ. ನಿಜ ಹೇಳಿದ್ದಕ್ಕೆ ಕೆಲಸ ಸಿಕ್ಕಿ ಇನ್ನೂ ಎರಡು ನಿಮಿಷವಾಗಿರಲಿಲ್ಲ.

ಹೊರಗೆ ಬಂದವನನ್ನು ಎಲ್ಲರೂ ಸುತ್ತುವರಿದು ಬೆನ್ನು ತಟ್ಟಿದರು. ಅವನು ನಗುತ್ತಲೇ ಆಗಲ್ಲಪ್ಪನ ಮೇಜಿಗೆ ಹೋಗಿ ಮುದ್ರಿಸಿದ ಹಾಳೆ ಎತ್ತಿಕೊಂಡ. ಮೊದಲ ಬಾರಿಗೆ ಅದನ್ನು ತಿರುಗಿಸಿದ. ಹಿಂಬದಿಯಲ್ಲಿ ಒಂದೇ ಪರಿಚ್ಛೇದವಿತ್ತು.

‘ಜೋಡಿ ಗುರುತಿಸುವುದು ಕಂಪ್ಯೂಟರಿಗೆ ಕಷ್ಟ. ಆದ್ದರಿಂದ ಎಂಜಿನಿಯರಿಗೆ ಫೋಟೋ ಸೇರಿಸಿಕೊಡುವ ಕೆಲಸ ಮಾತ್ರ. ಮೊದಲ ಎರಡು ವರ್ಷ, ದಿನಕ್ಕೆ ಎಂಟು ಗಂಟೆ, ಜೋಡಿ ಹುಡುಕುವ ಕೆಲಸವನ್ನೆಲ್ಲ ಪ್ರಾಡಕ್ಟ್ ಮ್ಯಾನೇಜರ್ ಖುದ್ದಾಗಿ ಕೈಯಿಂದ ಮಾಡತಕ್ಕದ್ದು.’

ಅವನು ತಲೆಯೆತ್ತಿ ಆಗಲ್ಲಪ್ಪನನ್ನು ನೋಡಿದ.

“ಮತ್ತೆ?” ಎಂದ ಆಗಲ್ಲಪ್ಪ, ಕನ್ನಡಕ ಒರೆಸುತ್ತ. “ನಾನೇನು ಸುಮ್ ಸುಮ್ನೆ ಆಗುತ್ತೆ ಅಂತೀನಾ?”

ಬಾಗಿಲಲ್ಲಿ ವ್ಯಾನ್ ಡ್ರೈವರು ಮತ್ತೆ ಕಾಣಿಸಿಕೊಂಡ. ಈ ಸಲ ಎರಡು ಹೆಗಲಿಗೂ ಒಂದೊಂದು ಮೂಟೆ.

“ಕೆಳಗೆ ಇನ್ನೂ ಹದಿನಾಲ್ಕು ಇದೆ. ಯಾರ ಹತ್ರ ಇಳಿಸ್ಲಿ?”

ಆರು ತಿಂಗಳಲ್ಲಿ ಒಂದು ವಿಷಯಕ್ಕೂ ಒಮ್ಮತಕ್ಕೆ ಬಾರದಿದ್ದ ಆಫೀಸು, ಎಲ್ಲ ಬೆರಳುಗಳನ್ನೂ ಒಂದೇ ಕಡೆಗೆ ತೋರಿಸಿತು.