ಕಸ್ತೂರಿಬಾಯಿಯ ಸ್ಲ್ಯಾಬಿಗೆ ಐದು ತೂತು

ಕಮಲಾಪುರದ ಕಸ್ತೂರಿಬಾಯಿಯ ಮನೆಗೆ ಮೇಲಂತಸ್ತು ಏಳುತ್ತಿತ್ತು. ಸ್ಲ್ಯಾಬ್ ಹಾಕುವ ದಿನ ಬಚ್ಚಲಿನ ಪೈಪಿಗೆ ಜಾಗ ಬಿಡುವುದನ್ನು ಮೇಸ್ತ್ರಿ ಮರೆತುಬಿಟ್ಟ. ಒಣಗಿ ಕಲ್ಲಾದ ಕಾಂಕ್ರೀಟನ್ನು ಸುತ್ತಿಗೆಯಿಂದ ಒಡೆದರೆ ಬಿರುಕು ಬಿಡುತ್ತದೆ, ಮಷೀನಿನಿಂದಲೇ ಕೊರೆಯಬೇಕು. ಹಾಗಾಗಿ ಒಂದು ಮುಂಜಾನೆ ಕಲಬುರಗಿಯಿಂದ ಕಾಂಕ್ರೀಟ್ ಕೊರೆಯುವ ಫಕ್ರುದ್ದೀನ್ ಮಷೀನು ಹೊತ್ತು ಬಂದ.

ಫಕ್ರುದ್ದೀನ್ ಹೋದಲ್ಲೆಲ್ಲ ಜನ ಕಿಟಕಿ ಮುಚ್ಚುತ್ತಿದ್ದರು, ನಾಯಿಗಳು ಓಣಿ ಬಿಡುತ್ತಿದ್ದವು. ಮಷೀನು ನಿಂತಾಗ ಯಾರಾದರೂ ಹತ್ತಿರ ಬಂದರೆ ಕೇಳುತ್ತಿದ್ದುದು ಒಂದೇ ಮಾತು: "ಮುಗೀತೇನು?" ಹೆಂಡತಿ ಜಾಹೇದಾ ತೀರಿ ಆರು ವರ್ಷವಾಗಿತ್ತು. ಅಂದಿನಿಂದ ಕಲಬುರಗಿಯ ತನ್ನ ಕೋಣೆಯಲ್ಲಿ ಅವನು ತನ್ನೊಡನೆ ತಾನೇ ಮಾತಾಡಿಕೊಳ್ಳುತ್ತಿದ್ದ. ಮಷೀನಿನ ಸದ್ದಿಗೆ ಕಿವಿ ಮಂದವಾಗಿದ್ದರಿಂದ, ತನ್ನ ಮಾತು ತನಗೆ ಕೇಳಿಸಲೆಂದು ಜೋರಾಗಿ ಮಾತಾಡುತ್ತಿದ್ದ.

ಹತ್ತು ಗಂಟೆಗೆಲ್ಲ ಬಚ್ಚಲಿನ ತೂತು ಮುಗಿಯಿತು. ಅವನು ಮಷೀನು ಕಟ್ಟುತ್ತಿದ್ದಾಗ ಕಸ್ತೂರಿಬಾಯಿ ಚಹಾ ಹಿಡಿದು ಮೇಲೆ ಬಂದಳು.

"ಯಾಕ ಅವಸರ ಭಾಯಿ? ಚಾ ಕುಡೀರಿ. ಅಡಿಗಿಮನಿ ನೀರಿಗೂ ಒಂದು ತೂತು ಬೇಕಲ್ಲ."

ಎರಡನೆಯದು ನಡೆದಾಗ ಪಕ್ಕದ ಮನೆಯ ನಬಿಸಾಬ್ ಏರಿ ಬಂದ. ಜಗಳಕ್ಕೇ ಬಂದನೆಂದು ಫಕ್ರುದ್ದೀನ್ ಮಷೀನು ನಿಲ್ಲಿಸಿದ. ನಬಿಸಾಬ್ ಕುರ್ಚಿ ತಂದಿದ್ದ.

"ನಿಲ್ಲಸಬ್ಯಾಡ್ರಿ! ಕೈ ತೊಳಿಯೋ ಬೇಸಿನ್ನಿಗೂ ಇಲ್ಲೊಂದು ಹೊಡೀರಿ."

ಮೂರನೆಯದರಲ್ಲಿ ಮಷೀನಿನ ಕೊರೆಯುವ ಕೊಳವೆ ಒಳಗಿನ ಕಬ್ಬಿಣಕ್ಕೆ ತಾಗಿತು. ಬಸ್ಸಿನ ಬ್ರೇಕಿಗೂ ಶಹನಾಯಿಗೂ ಜಗಳ ಹತ್ತಿದಂತೆ ಸದ್ದೆದ್ದಿತು.

"ಇಲ್ಲಿ ರಾಡ್ ಅದ ಅಕ್ಕಾರ. ನಾಕು ಬೆರಳು ಸರಸಬೇಕ್ರಿ."

"ಸರಸ್ರಿ. ಆದ್ರ ಇನ್ನೊಂದೀಟು ಹಿಂಗೇ ಮಾಡಿ ಆಮ್ಯಾಲ ಸರಸ್ರಿ. ಆ ಸಪ್ಪಳ ಛಲೋ ಅದ."

ತನ್ನ ಸಪ್ಪಳವನ್ನು ಹೊಗಳಿದವರನ್ನು ಫಕ್ರುದ್ದೀನ್ ಅದೇ ಮೊದಲು ನೋಡಿದ್ದು. ಮಧ್ಯಾಹ್ನ ಅವಳು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯೆ ತಂದು ಎದುರಿಗೇ ಕುಳಿತು ಬಡಿಸಿದಳು. "ಮನಿ ಮಗನಂಗ ಉಣ್ರಿ" ಎಂದಳು. ಅವನ ಕಣ್ಣು ತುಂಬಿತು. ಸಿಮೆಂಟಿನ ಧೂಳು ಎಂದು ಹೇಳಿ ಒರೆಸಿಕೊಂಡ.

ನಾಲ್ಕನೆಯದೂ ಆಯಿತು. ಐದನೆಯದಕ್ಕೆ ಕಸ್ತೂರಿಬಾಯಿ ಇದ್ದಿಲು ಹಿಡಿದು ತಾನೇ ಗುರುತು ಹಾಕಿದಳು.

"ಇದರಾಗ ಯಾವ ಪೈಪ್ ಬರ್ತದ್ರಿ?"

"ಬರ್ತದ, ಬರ್ತದ. ಯಾವುದರ ಒಂದು ಬರ್ತದ. ತಡೀರಿ, ನಾ ಕೆಳಗ ಹೋಗಿ ಬರ್ತೀನಿ, ಆಮ್ಯಾಲ ಚಾಲೂ ಮಾಡ್ರಿ."

ಅವಳು ಕೆಳಗಿಳಿದು ತಿರುಗಿ ಬಂದಳು. ಮಷೀನು ಕೊರೆಯಿತು. ಕೆಸರು ನೀರು ಕೆಳಗಿಳಿಯಿತು, ಹಿಂದೆಯೇ ಕಾಂಕ್ರೀಟಿನ ಗುಂಡು ಧಪ್ಪೆಂದು ಬಿತ್ತು.

"ಯವ್ವಾ! ನನ್ನ ಹಾಸಿಗಿ!" ಎಂದು ಕೆಳಗಿನಿಂದ ಒಂದು ಗಂಡು ದನಿ ಕೂಗಿತು.

ಫಕ್ರುದ್ದೀನ್ ಮಷೀನು ನಿಲ್ಲಿಸಿದ. "ಕೆಳಗ ಯಾರೋ ಇದ್ದಾರ್ರಿ!"

"ಏನೂ ಆಗಿಲ್ಲ. ನಮ್ಮನಿಯವರ ಅಣ್ಣ. ಅಂಗಳದಾಗ ಚಾ ಕೊಟ್ಟು ಕುಂದ್ರಿಸೇ ಬಂದೀನಿ. ನೀವು ತೂತಿನ ಅಂಚು ನುಣ್ಣಗಾಗೋತನಕ ಮಷೀನ್ ನಡಸ್ರಿ."

ಅರ್ಧ ಗಂಟೆಯ ಮೇಲೆ ನಬಿಸಾಬ್ ಗೋಡೆಯಿಂದ ಓಣಿಗೆ ಬಗ್ಗಿ ನೋಡಿ, "ಹ್ವಾದ!" ಎಂದ.

ಕಸ್ತೂರಿಬಾಯಿ ಉಸಿರು ಬಿಟ್ಟಳು. "ಸಾಕ್ರಿ ಭಾಯಿ, ಬಂದ್ ಮಾಡ್ರಿ. ತಲಿ ಚಿಟ್ ಹಿಡೀತು." ನಬಿಸಾಬ್ ಕುರ್ಚಿ ಎತ್ತಿಕೊಂಡು ನಡೆದ. ಸಂಜೆ ಚಹಾ ಬೇಕೇ ಎಂದು ಫಕ್ರುದ್ದೀನನನ್ನು ಯಾರೂ ಕೇಳಲಿಲ್ಲ.

ಫಕ್ರುದ್ದೀನ್ ಮುಖ ತೊಳೆದು, ಅಂಗಿ ಬದಲಿಸಿ ಬಸ್ ಹತ್ತಿದ. ಮಷೀನಿನ ಚೀಲವನ್ನು ಹಿಂದೆ ಇಟ್ಟು ಮುಂದೆ ಬಂದು ಕುಳಿತ. ಬದಿಗೆ ದಪ್ಪನೆಯ ಮನುಷ್ಯನೊಬ್ಬ ಬ್ಯಾಗು ಹಿಡಿದು ಕುಳಿತ. ಅವನ ದನಿ ಎಷ್ಟು ದೊಡ್ಡದೆಂದರೆ ಫಕ್ರುದ್ದೀನನಿಗೆ ಒಂದು ಮಾತೂ ತಪ್ಪಲಿಲ್ಲ.

"ನಾ ದೌಲಪ್ಪ. ಸ್ಲ್ಯಾಬ್ ಪೂಜಾಕ್ಕಂತ ತಮ್ಮನ ಮನಿಗೆ ಬಂದಿದ್ದೆ, ಎರಡೂವರಿ ತಿಂಗಳಾತು. ಕಸ್ತೂರಿ ಬಂಗಾರದಂಥಾಕಿ, ಹೊಂಟೀನಿ ಅಂದ್ರ ಅತ್ತಳು. ಆದ್ರ ಮ್ಯಾಲ ಯಾವನೋ ಪಾಪಿ ಮುಂಜಾನಿಂದ ಗರ್ರ್ ಗರ್ರ್! ಕಡೀಕ ನನ್ನ ಹಾಸಿಗಿ ಮ್ಯಾಲೇ ಕಾಂಕ್ರೀಟ್ ಕೆಡವಿದ!"

"ಅವನ ಮಾರಿ ನೋಡಿದ್ರೇನು?"

"ಎಲ್ಲಿ? ಮೊಣಕಾಲು ನೋವು, ಮ್ಯಾಲ ಹತ್ತಲಿಲ್ಲ."

ಆ ಚಹಾ, ಆ ರೊಟ್ಟಿ, ಆ ಮನೆಮಗನ ಮಾತು ಎಲ್ಲವೂ ಯಾಕೆಂದು ಫಕ್ರುದ್ದೀನನಿಗೆ ಆಗ ತಿಳಿಯಿತು. ಅವಳಿಗೆ ಬೇಕಿದ್ದುದು ತೂತಲ್ಲ, ಈ ನೆಂಟನನ್ನು ಎಬ್ಬಿಸುವ ಸಪ್ಪಳ. ದೌಲಪ್ಪ ಶೇಂಗಾ ತೆಗೆದು ಅವನ ಅಂಗೈಗೆ ಸುರಿದ. ಊರು, ಮನೆ ಎಲ್ಲ ಕೇಳಿದ. ಜಾಹೇದಾಳ ಸುದ್ದಿ ಕೇಳಿ ಲೊಚಗುಟ್ಟಿದ.

"ಕಲಬುರಗ್ಯಾಗ ಯಾರ ಮನಿಗೆ ಹೊಂಟೀರಿ?" ಎಂದ ಫಕ್ರುದ್ದೀನ್.

"ಅದನ್ನೇ ವಿಚಾರ ಮಾಡಾಕತ್ತೀನಿ."

"ನಮ್ಮ ಕೋಣಿಗೆ ಬರ್ರಿ. ಒಬ್ಬನೇ ಇರ್ತೀನಿ."

"ಖರೇನ? ನಾ ಬಂದ್ರ ಲಗೂನ ಹೋಗಂವ ಅಲ್ಲ ನೋಡ್ರಿ."

"ಹೋಗಬ್ಯಾಡ್ರಿ."

ಅಷ್ಟರಲ್ಲಿ ಹಿಂದಿನಿಂದ ಕಂಡಕ್ಟರ್ ಕೂಗಿದ: "ಈ ತೂತು ಹೊಡಿಯೋ ಮಷೀನ್ ಯಾರದ್ರೀ? ಮಂದಿ ಕಾಲಿಗೆ ಬಡಿಯಾಕತ್ತದ!"

ದೌಲಪ್ಪ ಗಕ್ಕನೆ ತಿರುಗಿದ. ಚೀಲದ ಬಾಯಿಯಿಂದ ಹಸಿ ಸಿಮೆಂಟು ಮೆತ್ತಿದ ಕೊಳವೆ ಇಣುಕುತ್ತಿತ್ತು. "ಆ ಪಾಪಿ ಇದೇ ಬಸ್ಸಿನ್ಯಾಗ ಇದ್ದಾನ! ಏಳ್ರಿ ಭಾಯಿ, ಇಬ್ರೂ ಕೂಡಿ ಹಿಡಿಯೋಣು!"

ಫಕ್ರುದ್ದೀನ್ ಏಳಲಿಲ್ಲ.

"ಯಾರದೂ ಅಲ್ಲಂದ್ರ ಮಹಾಗಾಂವ ಕ್ರಾಸಿನ್ಯಾಗ ಇಳಸ್ತೀನಿ ನೋಡ್ರಿ!" ಎಂದ ಕಂಡಕ್ಟರ್.

ಬಸ್ಸು ನಿಂತಿತು. ಕಂಡಕ್ಟರ್ ಚೀಲವನ್ನು ಬಾಗಿಲಿಗೆ ಎಳೆದ. "ನಂದ್ರೀ," ಎಂದ ಫಕ್ರುದ್ದೀನ್. ಕಂಡಕ್ಟರಿಗೆ ಕೇಳಿಸಲಿಲ್ಲ. ಎದ್ದು ನಿಂತು ಕೂಗಬೇಕಾಯಿತು: "ನಂದ್ರೀ! ನಂದೇ!"

ಇಡೀ ಬಸ್ಸು ಅವನನ್ನು ನೋಡಿತು. ದೌಲಪ್ಪನೂ ನೋಡಿದ. ಬ್ಯಾಗು ಎತ್ತಿಕೊಂಡ.

"ಇಲ್ಲೇ ಮಹಾಗಾಂವದಾಗ ನನ್ನ ತಂಗಿ ಇದ್ದಾಳ್ರಿ," ಎಂದು ಮೊದಲ ಸಲ ಮೆಲ್ಲಗೆ ಹೇಳಿ ಇಳಿದುಹೋದ.

"ಬಾಜೂ ಸೀಟ್ ಖಾಲಿ ಆತಲ್ಲ ಭಾಯಿ," ಎಂದ ಕಂಡಕ್ಟರ್. "ಮಷೀನ್ ಅಲ್ಲೇ ಕುಂದ್ರಸ್ರಿ."

ಫಕ್ರುದ್ದೀನ್ ಕೂರಿಸಿದ. ತಿರುವಿನಲ್ಲಿ ಬೀಳದಿರಲೆಂದು ಕಲಬುರಗಿಯವರೆಗೂ ಅದರ ಹೆಗಲ ಮೇಲೆ ಕೈಯಿಟ್ಟುಕೊಂಡೇ ಕುಳಿತ.