ಕುದುರೆಯ ಕೆಳಗಿನ ಹೆಸರು

ಕುದುರೆಯನ್ನು ಮಾಡಿದವನು ಪೇಂಟರ್. ಅದರ ಕೆಳಗಿನ ಫಲಕದಲ್ಲಿ ‘ಕಲ್ಪನೆ ಮತ್ತು ರಚನೆ’ ಎಂಬುದರ ಮುಂದೆ ಇದ್ದದ್ದು ಸಾಹೇಬರ ಹೆಸರು. ಬೆಳಿಗ್ಗೆ ಆ ಹೆಸರನ್ನು ಬರೆದವನೂ ಪೇಂಟರೇ.

ವಾಹನ ನೋಂದಣಿ ಕಚೇರಿಯ ಗೋದಾಮಿನಲ್ಲಿ ಹಳೆಯ ನಂಬರ್ ಪ್ಲೇಟುಗಳು ತುಕ್ಕು ಹಿಡಿದು ಬಿದ್ದಿದ್ದವು. ಅದರ ಬೀಗದ ಕೀಲಿ ಕೊಟ್ಟವರು ಸಾಹೇಬರು. ಬೆರಳು ಕೊಯ್ದುಕೊಂಡವನು ಪೇಂಟರ್. ಮೂರು ತಿಂಗಳ ಊಟದ ಬಿಡುವನ್ನೆಲ್ಲ ಸುರಿದು ಹಜಾರದ ಗೋಡೆಗೆ ಕುದುರೆ ಜೋಡಿಸಿದ್ದ. ಲಾರಿಯ ಪ್ಲೇಟು ಎದೆ, ಸ್ಕೂಟರಿನವು ಬಾಲ, ಕಣ್ಣಿಗೊಂದು ಸೊನ್ನೆ. ಸಂಜೆ ಮಗಳು ನೋಡಲು ಬರುವವಳಿದ್ದಳು. “ಅಪ್ಪಾ, ಕೆಳಗೆ ನಿನ್ ಹೆಸರಿರುತ್ತೆ ತಾನೇ?” ಎಂದು ಕೇಳಿದ್ದಳು. “ಇರದೆ ಮತ್ತೆ!” ಎಂದುಬಿಟ್ಟಿದ್ದ.

“ಅವರು ಬರಿ ಅಂದ್ರಂತೆ, ಇವನು ಬರೆದನಂತೆ! ನಿಂಗೆ ಬೆನ್ನುಮೂಳೆ ಇದೆಯೇನೋ?” ಟೈಪಿಸ್ಟ್ ಅಕ್ಕ ಉರಿಯುವ ಒಲೆಗೆ ಸೀಮೆಎಣ್ಣೆ ಹೊಯ್ದಳು.

“ಅಕ್ಷರ ಮಾತ್ರ ಮುದ್ದಾಗಿದೆ ಬಿಡಿ,” ಎಂದ ಜವಾನ.

ಪೇಂಟರನ ಪಿತ್ತ ನೆತ್ತಿಗೇರಿತು. ದುಡಿದವನ ಬೆವರನ್ನು ಕುರ್ಚಿ ಕುಡಿಯುವುದು ಇನ್ನೆಷ್ಟು ಕಾಲ? ಆ ಹೆಸರನ್ನು ಅಳಿಸಲು ಏಣಿ ಹಾಕಿದ. ಜವಾನ ಏಣಿ ಹಿಡಿಯುವ ಬದಲು ಸಲಹೆ ಹಿಡಿದು ನಿಂತ: “ಎಡಕ್ಕೆ ಅಣ್ಣಾ... ಅಲ್ಲಲ್ಲ, ಬಲಕ್ಕೆ!” ಏಣಿ ತೂಗಾಡಿ ಬಣ್ಣ ಅಳಿಸುವ ಟರ್ಪೆಂಟೈನ್ ಡಬ್ಬಿ ಮಗುಚಿತು, ಸಾಹೇಬರ ಹೆಸರಿನ ಜೊತೆಗೆ ಜವಾನನ ತಲೆಯ ಕಪ್ಪು ಬಣ್ಣವೂ ತೊಳೆದುಹೋಯಿತು. ಖಾಲಿಯಾದ ಜಾಗದಲ್ಲಿ ಪೇಂಟರ್ ತನ್ನ ಹೆಸರನ್ನು, ಅಪ್ಪನ ಹೆಸರು ಸಮೇತ, ಅಂಗೈಯಗಲದ ಅಕ್ಷರಗಳಲ್ಲಿ ಬರೆದ.

ಬಣ್ಣ ಆರುವ ಮೊದಲೇ ಸಾಹೇಬರು ಕೇಂದ್ರ ಕಚೇರಿಯ ತಪಾಸಣಾಧಿಕಾರಿಯೊಡನೆ ಒಳಬಂದರು. ಅಕ್ಕನ ತಲೆ ಆಮೆಯ ತಲೆಯಂತೆ ಕಡತದೊಳಗೆ ಸರಿಯಿತು.

ಅಧಿಕಾರಿ ಒಂದು ಕಣ್ಣು ಕೈಯಲ್ಲಿದ್ದ ಪಟ್ಟಿಯ ಮೇಲೆ, ಇನ್ನೊಂದು ಕುದುರೆಯ ಹೊಟ್ಟೆಯ ಮೇಲೆ ಇಟ್ಟು ಗುಡುಗಿದರು: “ಈ ಪ್ಲೇಟುಗಳನ್ನೆಲ್ಲ ಕತ್ತರಿಸಿ ನಾಶ ಮಾಡಿದೀವಿ ಅಂತ ನೀವು ಸಹಿ ಹಾಕಿದೀರಿ. ಗೋಡೆ ಮೇಲೆ ಹೇಗ್ರೀ ಬಂದ್ವು? ಯಾರ ಕೆಲಸ ಇದು?”

ಸಾಹೇಬರ ಮುಖ ಸುಣ್ಣವಾಯಿತು. ಫಲಕದತ್ತ ನೋಡಿದರು. ಮೆಲ್ಲಗೆ ಮುಖ ಅರಳಿತು.

“ಅಲ್ಲೇ ಬರೆದಿದೆಯಲ್ಲ ಸಾರ್! ಕಲ್ಪನೆಯೂ ಇವನದೇ, ರಚನೆಯೂ ಇವನದೇ. ನಾನು ಬೆರಳೂ ತಾಗಿಸಿಲ್ಲ.”

ಆ ಕುದುರೆಯ ಬಗ್ಗೆ ಸಾಹೇಬರು ಆಡಿದ ಮೊದಲ ನಿಜ ಅದು.

“ಈಗ್ಲೇ ಕಿತ್ತು ತುಂಡು ಮಾಡು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ,” ಎಂದು ಅಧಿಕಾರಿ ತಗಡು ಕತ್ತರಿ ತರಿಸಿ ಪೇಂಟರನ ಕೈಗಿಟ್ಟರು.

ಬಾಗಿಲಲ್ಲಿ ಮಗಳು ನಿಂತು ಹಸಿಬಣ್ಣದ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದುತ್ತಿದ್ದಳು.

ಪೇಂಟರ್ ಕತ್ತರಿಯನ್ನು ಸಾಹೇಬರ ಕೈಗೆ ದಾಟಿಸಿದ.

“ಸಹಿ ಹಾಕಿದೋರೇ ಕತ್ತರಿಸ್ಲಿ ಸಾರ್. ನಾನು ಕತ್ತರಿಸಲ್ಲ.”